ಫೋನ್ ಸ್ಕ್ರೀನಿನ ಬೆಳಕು, ಬಣ್ಣ: ಕಣ್ಣಿಗೆ ಹಿತವಾಗುವಂತೆ ಹೊಂದಿಸಿಕೊಳ್ಳುವುದು ಹೇಗೆ?

ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಫೋನಿನಲ್ಲಿ ಬಿಳಿ ಹಿನ್ನೆಲೆಯ ಯಾವುದಾದರೂ ಪುಟ ತೆರೆದು ಎರಡನ್ನೂ ಅಕ್ಕಪಕ್ಕ ಹಿಡಿಯಿರಿ. ಸ್ಕ್ರೀನ್ ಹಾಳೆಗಿಂತ ಎದ್ದು ಹೊಳೆಯುತ್ತಿದ್ದರೆ ಬ್ರೈಟ್‌ನೆಸ್ ಜಾಸ್ತಿಯಾಗಿದೆ. ಹಾಳೆಯ ಪಕ್ಕ ಸ್ಕ್ರೀನೇ ಮಂಕಾಗಿ, ಬೂದುಬೂದಾಗಿ ಕಂಡರೆ ಕಡಿಮೆಯಾಗಿದೆ. ಎರಡೂ ಹೆಚ್ಚುಕಡಿಮೆ ಒಂದೇ ಥರ ಕಂಡರೆ, ನೀವು ಕೂತಿರುವ ಜಾಗಕ್ಕೆ ಆ ಬ್ರೈಟ್‌ನೆಸ್ ಸರಿಯಾಗಿದೆ.

‘ಬ್ರೈಟ್‌ನೆಸ್ ಎಷ್ಟು ಪರ್ಸೆಂಟ್ ಇಡಬೇಕು?’ ಎಂದು ತುಂಬಾ ಜನ ಕೇಳುತ್ತಾರೆ. ಅದಕ್ಕೆ ಒಂದು ಸಂಖ್ಯೆ ಹೇಳಿದರೆ ತಪ್ಪಾಗುತ್ತದೆ. ಯಾಕೆಂದರೆ ಕಣ್ಣು ಸ್ಕ್ರೀನೊಂದನ್ನೇ ನೋಡುವುದಿಲ್ಲ. ಸ್ಕ್ರೀನಿನ ಆಚೀಚೆ ಇರುವ ಗೋಡೆ, ಮೇಜು, ಕಿಟಕಿ ಎಲ್ಲದರ ಬೆಳಕೂ ಒಟ್ಟಿಗೆ ಕಣ್ಣಿಗೆ ಬೀಳುತ್ತಿರುತ್ತದೆ. ಆ ಒಟ್ಟು ಬೆಳಕಿಗೆ ಕಣ್ಣು ಹೊಂದಿಕೊಂಡು ಕೂತಿರುತ್ತದೆ. ಸ್ಕ್ರೀನ್ ಅದಕ್ಕೆ ಹೊಂದಿದರೆ ಹಿತ, ಹೊಂದದಿದ್ದರೆ ತ್ರಾಸ. ನೀಲಿ ಬೆಳಕು, ಡಾರ್ಕ್ ಮೋಡ್, ನೈಟ್ ಲೈಟ್ ಇವೆಲ್ಲ ಆಮೇಲಿನ ಮಾತು. ಮೊದಲು ಸರಿಯಾಗಬೇಕಾದದ್ದು ಬ್ರೈಟ್‌ನೆಸ್.

ಸುತ್ತಲಿನ ಬೆಳಕು ಎಷ್ಟು, ಸ್ಕ್ರೀನಿನದು ಎಷ್ಟು?

ಒಂದು ಜಾಗದ ಮೇಲೆ ಬೀಳುವ ಬೆಳಕನ್ನು ಲಕ್ಸ್ ಲೆಕ್ಕದಲ್ಲಿ ಅಳೆಯುತ್ತಾರೆ. ಮಧ್ಯಾಹ್ನದ ನೇರ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಅದೇ ಹೊತ್ತಿನಲ್ಲಿ ನೆರಳಿಗೆ ಬಂದರೆ 10 ಸಾವಿರದ ಆಸುಪಾಸು. ಕಚೇರಿಯ ಮೇಜಿನ ಮೇಲೆ 300ರಿಂದ 500. ರಾತ್ರಿ ದೀಪ ಹಾಕಿದ ಮನೆಯ ಕೋಣೆಯಲ್ಲಿ 50ರಿಂದ 150. ಹುಣ್ಣಿಮೆಯ ಬೆಳದಿಂಗಳಲ್ಲಿ ಒಂದು ಲಕ್ಸ್ ಕೂಡ ಇರುವುದಿಲ್ಲ. ಒಂದೇ ದಿನದಲ್ಲಿ ನಿಮ್ಮ ಕಣ್ಣು ಇಷ್ಟು ದೊಡ್ಡ ಏರಿಳಿತವನ್ನು ನೋಡುತ್ತದೆ. ಆದರೂ ‘ಬಿಸಿಲು ಕೋಣೆಗಿಂತ ಸಾವಿರ ಪಟ್ಟು ಜಾಸ್ತಿ’ ಎಂದು ಯಾರಿಗೂ ಅನ್ನಿಸುವುದಿಲ್ಲ. ಕಣ್ಣು ಅಷ್ಟು ಚೆನ್ನಾಗಿ ಹೊಂದಿಕೊಳ್ಳುತ್ತದೆ.

ಸ್ಕ್ರೀನ್ ಹೊರಸೂಸುವ ಬೆಳಕಿಗೆ ನಿಟ್ ಎಂಬ ಅಳತೆ ಇದೆ. ಫೋನ್ ಕೊಳ್ಳುವಾಗ ಬಾಕ್ಸಿನ ಮೇಲೆ ‘1000 ನಿಟ್ಸ್’, ‘2000 ನಿಟ್ಸ್’ ಎಂದು ಬರೆದಿರುತ್ತಾರಲ್ಲ, ಅದೇ. ಆ ದೊಡ್ಡ ಸಂಖ್ಯೆಗಳು ಬಿಸಿಲಿಗಾಗಿ ಇರುವಂಥವು. ಮನೆಯೊಳಗೆ ಬೇಕಾಗುವುದು ಎಷ್ಟು ಎಂಬುದಕ್ಕೆ ಮೊದಲಿನ ಹಾಳೆಯನ್ನೇ ಲೆಕ್ಕಕ್ಕೆ ಹಿಡಿಯೋಣ. ಬಿಳಿ ಹಾಳೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇಕಡಾ 80ರಷ್ಟನ್ನು ಹಿಂದಕ್ಕೆ ಚೆಲ್ಲುತ್ತದೆ ಎಂದುಕೊಳ್ಳಿ. 500 ಲಕ್ಸ್ ಇರುವ ಮೇಜಿನ ಮೇಲೆ ಅದರ ಹೊಳಪು 125 ನಿಟ್ ಆಗುತ್ತದೆ. 100 ಲಕ್ಸ್ ಇರುವ ರಾತ್ರಿಯ ಕೋಣೆಯಲ್ಲಿ ಬರೀ 25 ನಿಟ್. ಅದೇ ಕೋಣೆಯಲ್ಲಿ ಫೋನನ್ನು 500 ನಿಟ್‌ನಲ್ಲಿ ಇಟ್ಟುಕೊಂಡರೆ ಸ್ಕ್ರೀನ್ ಹಾಳೆಗಿಂತ 20 ಪಟ್ಟು ಹೊಳೆಯುತ್ತಿರುತ್ತದೆ. ಕಣ್ಣು ಕುಕ್ಕದೆ ಇನ್ನೇನಾದೀತು?

ಇಲ್ಲಿ ಇನ್ನೊಂದು ಸಂಗತಿ ತಿಳಿದಿರಲಿ. ಬೆಳಕು ಎರಡು ಪಟ್ಟಾದರೆ ಕಣ್ಣಿಗೆ ಎರಡು ಪಟ್ಟಾದಂತೆ ಕಾಣುವುದಿಲ್ಲ. 10 ನಿಟ್ ಇದ್ದದ್ದು 20 ಆದರೆ ಥಟ್ಟನೆ ಗೊತ್ತಾಗುತ್ತದೆ. 400 ಇದ್ದದ್ದು 410 ಆದರೆ ಗೊತ್ತೇ ಆಗುವುದಿಲ್ಲ. ಜರ್ಮನಿಯ ವಿಜ್ಞಾನಿ ಗುಸ್ತಾವ್ ಫೆಕ್ನರ್ 1860ರಲ್ಲೇ ಇದಕ್ಕೊಂದು ಲೆಕ್ಕ ಕಟ್ಟಿಕೊಟ್ಟ. ಫೋನಿನಲ್ಲಿ ಬೆರಳಿನಿಂದ ಎಳೆದು ಹೊಂದಿಸುವ ಬ್ರೈಟ್‌ನೆಸ್ ಪಟ್ಟಿಗೂ ಇದು ಮುಖ್ಯವಾಯಿತು. ಹಳೆಯ ಆಂಡ್ರಾಯ್ಡ್ ಫೋನುಗಳಲ್ಲಿ ಪಟ್ಟಿಯ ಎಡಗಡೆಯ ಸ್ವಲ್ಪ ಜಾಗದಲ್ಲೇ ಎಲ್ಲ ಬದಲಾವಣೆ ಮುಗಿದು, ಬಲಗಡೆ ಎಷ್ಟು ಎಳೆದರೂ ವ್ಯತ್ಯಾಸ ಕಾಣುತ್ತಿರಲಿಲ್ಲ. 2018ರ ಆಂಡ್ರಾಯ್ಡ್ 9ರಲ್ಲಿ ಪಟ್ಟಿಯನ್ನು ಕಣ್ಣಿನ ಲೆಕ್ಕಕ್ಕೆ ಹೊಂದಿಸಿದರು. ಹಾಗಾಗಿ ಒಂದು ಫೋನಿನ ‘50 ಪರ್ಸೆಂಟ್’ ಇನ್ನೊಂದು ಫೋನಿನ ‘50 ಪರ್ಸೆಂಟ್’ ಅಲ್ಲ. ಪರ್ಸೆಂಟ್ ಲೆಕ್ಕ ಬಿಟ್ಟು ಹಾಳೆಯ ಲೆಕ್ಕ ಹಿಡಿಯಿರಿ.

ಆಟೋ ಬ್ರೈಟ್‌ನೆಸ್ ಮೇಲೆ ಸಿಟ್ಟು ಬೇಡ

ದಿನವಿಡೀ ಹಾಳೆ ಹಿಡಿದುಕೊಂಡು ಓಡಾಡಲು ಆಗುವುದಿಲ್ಲ, ಅಲ್ವಾ? ಅದಕ್ಕೇ ಫೋನಿನಲ್ಲಿ ಬೆಳಕಿನ ಸೆನ್ಸರ್ ಇರುವುದು. ಸಾಮಾನ್ಯವಾಗಿ ಮುಂದಿನ ಕ್ಯಾಮೆರಾದ ಆಸುಪಾಸಿನಲ್ಲಿ ಇರುತ್ತದೆ. ಸುತ್ತ ಎಷ್ಟು ಲಕ್ಸ್ ಇದೆ ಎಂದು ಅದು ಅಳೆದು ಹೇಳುತ್ತದೆ, ಫೋನ್ ಅದಕ್ಕೆ ತಕ್ಕಂತೆ ಸ್ಕ್ರೀನನ್ನು ಏರಿಸಿ ಇಳಿಸುತ್ತದೆ.

‘ಅದು ಯಾವಾಗಲೂ ತಪ್ಪೇ ಮಾಡುತ್ತದೆ’ ಎಂದು ಆಫ್ ಮಾಡಿಟ್ಟವರು ಬಹಳ ಜನ. ನನ್ನ ಅಭಿಪ್ರಾಯದಲ್ಲಿ ಅದನ್ನು ಮತ್ತೆ ಆನ್ ಮಾಡುವುದೇ ಒಳ್ಳೆಯದು. ಆಂಡ್ರಾಯ್ಡ್ 9ರಿಂದ ಈಚೆಗೆ ಇದು ನಿಮ್ಮಿಂದ ಕಲಿಯುವ ವ್ಯವಸ್ಥೆಯಾಗಿದೆ. ಇಂಥ ಬೆಳಕಿನಲ್ಲಿ ನೀವು ಪಟ್ಟಿಯನ್ನು ಎಲ್ಲಿಗೆ ಎಳೆದಿರಿ ಎಂಬುದನ್ನು ಅದು ನೆನಪಿಡುತ್ತದೆ. ಆದ್ದರಿಂದ ತಪ್ಪಿದಾಗ ಆಫ್ ಮಾಡಬೇಡಿ, ಆನ್ ಇರುವಾಗಲೇ ಪಟ್ಟಿಯನ್ನು ಸರಿಮಾಡಿ. ಬಿಸಿಲಲ್ಲಿ ಒಮ್ಮೆ, ಕಚೇರಿಯಲ್ಲಿ ಒಮ್ಮೆ, ರಾತ್ರಿ ಒಮ್ಮೆ ಹೀಗೆ ತಿದ್ದುತ್ತಾ ಬಂದರೆ ಕೆಲವು ದಿನಗಳಲ್ಲಿ ನಿಮ್ಮ ರೂಢಿಗೆ ಬರುತ್ತದೆ. ಇನ್ನೂ ಒಂದು ಲಾಭವಿದೆ. ಹಲವು ಫೋನುಗಳಲ್ಲಿ ಬಿಸಿಲಿಗೆ ಬೇಕಾದ ಅತಿ ಹೆಚ್ಚಿನ ಹೊಳಪು ಆಟೋ ಆನ್ ಇದ್ದಾಗ ಮಾತ್ರ ಸಿಗುತ್ತದೆ. ಕೈಯಿಂದ ಎಷ್ಟೇ ಎಳೆದರೂ ಅಲ್ಲಿಯವರೆಗೆ ಹೋಗುವುದಿಲ್ಲ.

ಐಫೋನಿನಲ್ಲಿ ಈ ಬಟನ್ ಇರಬೇಕಾದ ಜಾಗದಲ್ಲಿ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ, ಅದರೊಳಗೆ ಡಿಸ್‌ಪ್ಲೇ ಆಂಡ್ ಟೆಕ್ಸ್ಟ್ ಸೈಜ್, ಅಲ್ಲಿ ಕೊನೆಯಲ್ಲಿ ಆಟೋ ಬ್ರೈಟ್‌ನೆಸ್. ಆಂಡ್ರಾಯ್ಡ್‌ನಲ್ಲಿ ಡಿಸ್‌ಪ್ಲೇ ವಿಭಾಗದಲ್ಲೇ ಇರುತ್ತದೆ, ಅಡಾಪ್ಟಿವ್ ಬ್ರೈಟ್‌ನೆಸ್ ಎಂಬ ಹೆಸರಿನಲ್ಲಿ.

ಆಟೋ ಆನ್ ಇದ್ದೂ ಸ್ಕ್ರೀನ್ ಸುಮ್ನೆ ಮಂಕಾಗುತ್ತಿದ್ದರೆ ಎರಡು ಕಡೆ ನೋಡಿ. ಒಂದು, ಸ್ಕ್ರೀನ್ ಗಾರ್ಡ್ ಅಥವಾ ಕವರಿನ ಅಂಚು ಸೆನ್ಸರನ್ನು ಮುಚ್ಚಿರಬಹುದು. ಅಡ್ಡ ಹಿಡಿದು ಗೇಮ್ ಆಡುವಾಗ ಬೆರಳೇ ಅದರ ಮೇಲೆ ಕೂತಿರುವುದೂ ಉಂಟು. ಎರಡು, ಫೋನ್ ಬಿಸಿಯಾಗಿರಬಹುದು. ಬಿಸಿಲಿನಲ್ಲಿ ಹೊಳಪು ತುಂಬಾ ಏರಿದಾಗ ಫೋನ್ ಕಾಯುತ್ತದೆ, ಕಾದಾಗ ತನ್ನನ್ನು ಕಾಪಾಡಿಕೊಳ್ಳಲು ತಾನಾಗಿ ಸ್ಕ್ರೀನನ್ನು ಇಳಿಸುತ್ತದೆ. ಅದು ಕೆಟ್ಟಿದೆ ಎಂದಲ್ಲ. ನೆರಳಿಗೆ ತಂದು ತಣಿಯಲು ಬಿಟ್ಟರೆ ಸರಿಹೋಗುತ್ತದೆ.

ಬಿಸಿಲಿನಲ್ಲಿ ಏನು ಆಗುತ್ತದೆ?

ಬಿಸಿಲಿನಲ್ಲಿ ಸ್ಕ್ರೀನ್ ಕಾಣದಿರುವುದಕ್ಕೆ ಕಾರಣ ಬೆಳಕು ಸಾಲದಿರುವುದು ಮಾತ್ರ ಅಲ್ಲ. ಗಾಜಿನಲ್ಲಿ ಆಕಾಶ ಪ್ರತಿಫಲಿಸುವುದು ಅಷ್ಟೇ ದೊಡ್ಡ ಕಾರಣ. ಬರೀ ಗಾಜು ತನ್ನ ಮೇಲೆ ನೇರವಾಗಿ ಬಿದ್ದ ಬೆಳಕಿನಲ್ಲಿ ಶೇಕಡಾ 4ರಷ್ಟನ್ನು ಕನ್ನಡಿಯಂತೆ ವಾಪಸ್ ಕಳಿಸುತ್ತದೆ. ಶೇಕಡಾ 4 ಎಂದರೆ ಕಡಿಮೆ ಎನ್ನಿಸಬಹುದು. ಆದರೆ ಹಗಲಿನ ಆಕಾಶದ ಹೊಳಪು ಕೆಲವು ಸಾವಿರ ನಿಟ್ ಇರುತ್ತದೆ. 5000 ಎಂದು ಇಟ್ಟುಕೊಂಡರೆ ಅದರ ಶೇಕಡಾ 4 ಎಂದರೆ 200 ನಿಟ್. ಇಡೀ ಸ್ಕ್ರೀನಿನ ಮೇಲೆ ಈ 200 ನಿಟ್ ಪೊರೆಯಂತೆ ಕೂರುತ್ತದೆ.

ಈಗ ಸ್ಕ್ರೀನ್ 500 ನಿಟ್‌ನಲ್ಲಿ ಇದೆ ಎನ್ನಿ. ಬಿಳಿ ಹಿನ್ನೆಲೆ 500 ಹೋಗಿ 700 ಆಯಿತು. ಕಪ್ಪು ಅಕ್ಷರ ಸೊನ್ನೆ ಇದ್ದದ್ದು 200 ಆಯಿತು. ಹಿನ್ನೆಲೆಗೂ ಅಕ್ಷರಕ್ಕೂ ಇರುವ ವ್ಯತ್ಯಾಸ ಮೂರೂವರೆ ಪಟ್ಟಿಗೆ ಬಂತು. ವೆಬ್ ಪುಟಗಳ ಓದುವಿಕೆಗೆ ಇರುವ ಅಂತರರಾಷ್ಟ್ರೀಯ ಮಾರ್ಗಸೂಚಿ ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ ನಾಲ್ಕೂವರೆ ಪಟ್ಟು ಇರಬೇಕು ಎನ್ನುತ್ತದೆ. ಅದಕ್ಕಿಂತ ಕೆಳಗೆ ಬಂದಾಗ ನಾವು ಕಣ್ಣು ಕಿರಿದು ಮಾಡಿಕೊಂಡು ಓದಲು ಶುರು ಮಾಡುತ್ತೇವೆ.

ಇದರಿಂದ ಒಂದು ಸುಲಭದ ಉಪಾಯ ಸಿಗುತ್ತದೆ. ಬ್ರೈಟ್‌ನೆಸ್ ಏರಿಸುವ ಮೊದಲು ಫೋನನ್ನು ಸ್ವಲ್ಪ ವಾಲಿಸಿ. ಗಾಜಿನಲ್ಲಿ ಆಕಾಶದ ಬದಲು ಮರದ ನೆರಳೋ, ನಿಮ್ಮದೇ ಗಾಢ ಬಣ್ಣದ ಅಂಗಿಯೋ ಕಾಣುವಂತೆ ಹಿಡಿಯಿರಿ. ಆ 200 ನಿಟ್ ಒಮ್ಮೆಗೇ ಇಳಿದು ಅಕ್ಷರಗಳು ಎದ್ದು ಬರುತ್ತವೆ. ಬೆರಳಚ್ಚಿನ ಎಣ್ಣೆಯನ್ನು ಒರೆಸಿದರೂ ಗುಣ ಕಾಣುತ್ತದೆ. ಹೊರಗಡೆ ಡಾರ್ಕ್ ಮೋಡ್ ಬೇಡ. ಕಪ್ಪು ಹಿನ್ನೆಲೆಯೇ ಒಳ್ಳೆಯ ಕನ್ನಡಿ. ಪೋಲರೈಸ್ಡ್ ತಂಪು ಕನ್ನಡಕ ಹಾಕಿದ್ದರೆ, ಕೆಲವು ಫೋನುಗಳು ಒಂದು ಕೋನದಲ್ಲಿ ಪೂರ್ತಿ ಕಪ್ಪಾಗಿ ಕಾಣುತ್ತವೆ. ಫೋನನ್ನು ತಿರುಗಿಸಿ ನೋಡಿ, ಸರಿಯಾಗುತ್ತದೆ.

ಕತ್ತಲಲ್ಲಿ ಫೋನ್

ಎಲ್ಲಕ್ಕಿಂತ ಜಾಸ್ತಿ ತೊಂದರೆ ಆಗುವುದು ಇಲ್ಲೇ. ದೀಪ ಆರಿಸಿ ಮಲಗಿದ ಮೇಲೆ ಕಣ್ಣಿನ ಪಾಪೆ ಅಗಲವಾಗುತ್ತದೆ. ಒಳ್ಳೆಯ ಬೆಳಕಿನಲ್ಲಿ 2 ಮಿಲಿಮೀಟರ್ ಇರುವ ಪಾಪೆ ಕತ್ತಲಲ್ಲಿ 7 ಮಿಲಿಮೀಟರ್ ಆಗಬಹುದು. ಜೊತೆಗೆ ಕಣ್ಣಿನ ಒಳಪರದೆಯ ಸೂಕ್ಷ್ಮತೆಯೂ ಏರುತ್ತಾ ಹೋಗುತ್ತದೆ. ಪೂರ್ತಿ ಕತ್ತಲಿಗೆ ಹೊಂದಿಕೊಳ್ಳಲು ಅರ್ಧ ಗಂಟೆಯೇ ಬೇಕು. ಅಷ್ಟು ಸೂಕ್ಷ್ಮವಾದ ಕಣ್ಣಿಗೆ ಫೋನ್ ಆನ್ ಮಾಡಿದರೆ, ಸುತ್ತಲೂ ಕಪ್ಪು, ನಡುವೆ ಒಂದು ಚೌಕದಷ್ಟು ಬೆಳಕು. ಕಣ್ಣು ಯಾವುದಕ್ಕೆ ಹೊಂದಿಕೊಳ್ಳಬೇಕು?

ಇದಕ್ಕೆ ನಾನು ಮೊದಲು ಹೇಳುವ ಪರಿಹಾರ ಫೋನಿನೊಳಗೆ ಇಲ್ಲ. ಒಂದು ಸಣ್ಣ ದೀಪ ಹಾಕಿಕೊಳ್ಳಿ. ಬೆನ್ನ ಹಿಂದೆಯೋ, ಪಕ್ಕದಲ್ಲೋ, ಹಳದಿ ಬೆಳಕಿನ ದೀಪ ಇದ್ದರೆ ಸಾಕು. ಯಾವ ಸೆಟ್ಟಿಂಗೂ ಕೊಡದಷ್ಟು ಆರಾಮವನ್ನು ಅದು ಕೊಡುತ್ತದೆ. ಪಕ್ಕದಲ್ಲಿ ಮಗು ಮಲಗಿದೆ, ದೀಪ ಹಾಕುವಂತಿಲ್ಲ ಎನ್ನುವ ಸಂದರ್ಭಕ್ಕೆ ಮಾತ್ರ ಫೋನಿನ ದಾರಿ ಹಿಡಿಯಿರಿ.

ಪಟ್ಟಿಯನ್ನು ಕೊನೆಯವರೆಗೆ ಎಳೆದರೂ ಇನ್ನೂ ಜಾಸ್ತಿ ಎನ್ನಿಸಿದರೆ, ಅದಕ್ಕೂ ಕೆಳಗೆ ಇಳಿಸುವ ಅನುಕೂಲ ಇದೆ. 2021ರ ಆಂಡ್ರಾಯ್ಡ್ 12ರಿಂದ ‘ಎಕ್ಸ್‌ಟ್ರಾ ಡಿಮ್’ ಎಂಬುದು ಬಂದಿದೆ. ಐಫೋನಿನಲ್ಲಿ ಅದೇ ಆಕ್ಸೆಸಿಬಿಲಿಟಿ ವಿಭಾಗದಲ್ಲಿ ‘ರೆಡ್ಯೂಸ್ ವೈಟ್ ಪಾಯಿಂಟ್’ ಎಂದಿದೆ. ಎರಡೂ ಬಿಳಿ ಬಣ್ಣದ ಉರಿಯನ್ನು ತಗ್ಗಿಸುತ್ತವೆ.

ಕಾಣದ ಮಿಣುಕು

ಬ್ರೈಟ್‌ನೆಸ್ ಕಡಿಮೆ ಮಾಡಿದಷ್ಟೂ ತಲೆನೋವು ಬರುತ್ತದೆ ಎನ್ನುವವರು ಕೆಲವರಿದ್ದಾರೆ. ಕೇಳಿದವರು ‘ಅದು ಹೇಗೆ ಸಾಧ್ಯ’ ಎಂದು ತಳ್ಳಿಹಾಕುತ್ತಾರೆ. ಆದರೆ ಅದಕ್ಕೆ ಕಾರಣ ಇದೆ.

ಫೋನ್ ಸ್ಕ್ರೀನುಗಳಲ್ಲಿ ಎರಡು ಮುಖ್ಯ ಬಗೆ. ಎಲ್‌ಸಿಡಿಯಲ್ಲಿ ಹಿಂದೆ ಒಂದು ಬೆಳಕು ಸದಾ ಉರಿಯುತ್ತಿರುತ್ತದೆ, ಮುಂದಿನ ಪದರ ಅದನ್ನು ಬೇಕಾದಷ್ಟು ತಡೆಯುತ್ತದೆ. ಓಎಲ್‌ಇಡಿ ಅಥವಾ ಅಮೋಲೆಡ್‌ನಲ್ಲಿ ಪ್ರತಿ ಚುಕ್ಕಿಯೂ ತಾನೇ ಬೆಳಗುತ್ತದೆ, ಕಪ್ಪು ಬೇಕಾದಲ್ಲಿ ಆರಿಹೋಗುತ್ತದೆ. ಈ ಎರಡನೆಯ ಬಗೆಯಲ್ಲಿ ಬೆಳಕು ತಗ್ಗಿಸಲು ಹಲವು ಕಂಪನಿಗಳು ಚುಕ್ಕಿಗಳನ್ನು ಬೇಗಬೇಗ ಆರಿಸಿ ಹತ್ತಿಸುತ್ತವೆ. ಆರಿರುವ ಹೊತ್ತು ಜಾಸ್ತಿಯಾದಷ್ಟೂ ಸ್ಕ್ರೀನ್ ಮಂಕು. ಇದಕ್ಕೆ ಪಿಡಬ್ಲ್ಯುಎಂ ಎಂದು ಹೆಸರು. ಹಲವು ಫೋನುಗಳಲ್ಲಿ ಇದು ಸೆಕೆಂಡಿಗೆ 240 ಅಥವಾ 480 ಸಲ ನಡೆಯುತ್ತದೆ. ಕಣ್ಣಿಗೆ ಅದು ಮಿಣುಕು ಎಂದು ಕಾಣುವುದಿಲ್ಲ. ಆದರೆ ಕೆಲವರಿಗೆ ಅದರಿಂದ ಕಣ್ಣು ದಣಿಯುತ್ತದೆ, ತಲೆ ಭಾರವಾಗುತ್ತದೆ. ಎಲ್ಲರಿಗೂ ಆಗುವುದಿಲ್ಲ. ಆಗುವವರಿಗೆ ಮಾತ್ರ ಚೆನ್ನಾಗಿಯೇ ಗೊತ್ತಾಗುತ್ತದೆ.

ಎಲ್‌ಇಡಿ ದೀಪಗಳ ಮಿಣುಕಿನ ಬಗ್ಗೆ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಐಇಇಇ 2015ರಲ್ಲಿ ಒಂದು ಶಿಫಾರಸು ಹೊರಡಿಸಿತು. ಪೂರ್ತಿ ಆರಿ ಪೂರ್ತಿ ಹತ್ತುವ ದೀಪವಾದರೆ, ಸೆಕೆಂಡಿಗೆ 1250 ಸಲಕ್ಕಿಂತ ಮೇಲಿದ್ದರೆ ತೊಂದರೆಯ ಸಂಭವ ಕಡಿಮೆ, 3000 ಸಲ ದಾಟಿದರೆ ಪರಿಣಾಮವೇ ಇಲ್ಲವೆನ್ನಬಹುದು ಎಂಬುದು ಅದರ ಸಾರ. ಈಚೆಗೆ ಕೆಲವು ಕಂಪನಿಗಳು 1920, 2160, 3840 ಎಂಬ ಸಂಖ್ಯೆಗಳನ್ನು ಜಾಹೀರಾತಿನಲ್ಲಿ ಹಾಕುತ್ತಿರುವುದು ಇದೇ ಕಾರಣಕ್ಕೆ.

ನಿಮ್ಮ ಫೋನ್ ಹೇಗೆ ಎಂದು ನೋಡಬೇಕೇ? ಕೋಣೆಯಲ್ಲಿ ನಿಮ್ಮ ಫೋನಿನಲ್ಲಿ ಬಿಳಿ ಪುಟ ತೆರೆದು ಬ್ರೈಟ್‌ನೆಸ್ ತೀರಾ ಕೆಳಗೆ ತನ್ನಿ. ಇನ್ನೊಂದು ಫೋನಿನ ಕ್ಯಾಮೆರಾದಲ್ಲಿ ಪ್ರೊ ಮೋಡ್‌ಗೆ (ಎಲ್ಲವನ್ನೂ ಕೈಯಿಂದಲೇ ಹೊಂದಿಸುವ ಮೋಡ್) ಹೋಗಿ ಶಟರ್ ವೇಗವನ್ನು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಚುರುಕಾಗಿ ಇಡಿ. ಈಗ ನಿಮ್ಮ ಸ್ಕ್ರೀನನ್ನು ಅದರಲ್ಲಿ ನೋಡಿ. ದಪ್ಪದಪ್ಪ ಕಪ್ಪು ಪಟ್ಟೆಗಳು ಹರಿದಾಡುತ್ತಿದ್ದರೆ ಮಿಣುಕು ಇದೆ ಎಂದರ್ಥ. ಬ್ರೈಟ್‌ನೆಸ್ ನಿಧಾನವಾಗಿ ಏರಿಸಿದಂತೆ ಪಟ್ಟೆಗಳು ತೆಳ್ಳಗಾಗುವುದೂ ಕಾಣುತ್ತದೆ.

ಇದರಿಂದ ತೊಂದರೆ ಪಡುವವರಿಗೆ ದಾರಿ ಇದೆ. ಕೆಲವು ಫೋನುಗಳಲ್ಲಿ ‘ಡಿಸಿ ಡಿಮ್ಮಿಂಗ್’ ಅಥವಾ ‘ಆಂಟಿ ಫ್ಲಿಕರ್’ ಎಂಬ ಬಟನ್ ಇರುತ್ತದೆ, ಆನ್ ಮಾಡಿ. ಅದಿಲ್ಲದಿದ್ದರೆ ಮುಖ್ಯ ಬ್ರೈಟ್‌ನೆಸ್ ಪಟ್ಟಿಯನ್ನು ಅರ್ಧದ ಮೇಲೆ ಇಟ್ಟು, ಆಗಲೇ ಹೇಳಿದ ರೆಡ್ಯೂಸ್ ವೈಟ್ ಪಾಯಿಂಟ್ ಅಥವಾ ಎಕ್ಸ್‌ಟ್ರಾ ಡಿಮ್‌ನಿಂದ ಮಂಕು ಮಾಡಿ ನೋಡಿ. ಪಟ್ಟೆಗಳು ಕಡಿಮೆಯಾದವೇ ಎಂದು ಅದೇ ಕ್ಯಾಮೆರಾದಲ್ಲಿ ಪರೀಕ್ಷಿಸಿ. ದೀಪ ಹಾಕಿಕೊಂಡು ಸ್ಕ್ರೀನನ್ನು ಸ್ವಲ್ಪ ಏರಿಸಿಯೇ ಓದುವುದು ಇನ್ನೂ ಸರಳ.

ಬಣ್ಣದ ಮಾತು

ಬ್ರೈಟ್‌ನೆಸ್ ಸರಿಯಾದ ಮೇಲೆ ಮತ್ತೆ ಹಾಳೆಯ ಪಕ್ಕ ಫೋನ್ ಹಿಡಿಯಿರಿ. ಸಂಜೆಯ ಹಳದಿ ದೀಪದಡಿಯಲ್ಲಿ ಸ್ಕ್ರೀನಿನ ಬಿಳಿ ತಿಳಿನೀಲಿಯಾಗಿ ಕಾಣುವುದು ಖಂಡಿತ. ಬಿಳಿಯಲ್ಲೂ ಬಗೆಗಳಿವೆ. ಅದನ್ನು ಕೆಲ್ವಿನ್ ಲೆಕ್ಕದಲ್ಲಿ ಹೇಳುತ್ತಾರೆ. ಮೇಣದಬತ್ತಿಯ ಬೆಳಕು 1900 ಕೆಲ್ವಿನ್ ಆಸುಪಾಸು, ಹಳೆಯ ಬುರುಡೆ ಬಲ್ಬಿನದು 2700, ಮಧ್ಯಾಹ್ನದ ಬಿಸಿಲು 5500. ಶುಭ್ರ ನೀಲಿ ಆಕಾಶದ ಬೆಳಕು ಮಾತ್ರ ಬೀಳುವ ನೆರಳಿನಲ್ಲಿ 10,000 ದಾಟಬಹುದು. ಸಂಖ್ಯೆ ಏರಿದಷ್ಟೂ ಬಿಳಿ ನೀಲಿಯ ಕಡೆ ವಾಲುತ್ತದೆ. ಸ್ಕ್ರೀನುಗಳಿಗೆ ಒಪ್ಪಿತವಾದ ಬಿಳಿ 6500 ಕೆಲ್ವಿನ್.

ಕಂಪನಿಯಿಂದ ಬರುವಾಗ ಹಲವು ಫೋನುಗಳು ‘ವಿವಿಡ್’ ಎಂಬ ಬಣ್ಣದ ಮೋಡ್‌ನಲ್ಲಿ ಇರುತ್ತವೆ. ಬಿಳಿ 6500ಕ್ಕಿಂತ ನೀಲಿಯಾಗಿರುತ್ತದೆ, ಕೆಂಪು ಹಸಿರು ಇರುವುದಕ್ಕಿಂತ ಗಾಢವಾಗಿರುತ್ತವೆ. ಅಂಗಡಿಯಲ್ಲಿ ಸಾಲಾಗಿ ಇಟ್ಟಾಗ ಕಣ್ಣು ಸೆಳೆಯಲು ಅದು ಸರಿ. ದಿನವಿಡೀ ಓದಲು ನನಗೆ ‘ನ್ಯಾಚುರಲ್’ ಮೋಡ್ ಮೇಲು ಎನ್ನಿಸುತ್ತದೆ. ಹೆಚ್ಚಿನ ವೆಬ್ ಪುಟಗಳು, ಚಿತ್ರಗಳು ಇಂದಿಗೂ ಎಸ್‌ಆರ್‌ಜಿಬಿ ಎಂಬ ಬಣ್ಣದ ಅಳತೆಗೆ ತಯಾರಾಗುತ್ತವೆ. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ಮಾಡಿದ್ದು ಅದು. ನ್ಯಾಚುರಲ್ ಮೋಡ್ ಆ ಅಳತೆಗೆ ನಿಷ್ಠವಾಗಿ ಬಣ್ಣ ತೋರಿಸುತ್ತದೆ. ಬದಲಾಯಿಸಿದ ಮೊದಲ ಗಂಟೆ ಎಲ್ಲವೂ ಸಪ್ಪೆ ಎನ್ನಿಸುತ್ತದೆ, ಆಗ ಹಿಂದೆ ಹೋಗಬೇಡಿ. ಒಂದೆರಡು ದಿನ ಬಿಟ್ಟು, ನಿಮಗೆ ಚೆನ್ನಾಗಿ ಪರಿಚಯವಿರುವವರ ಮುಖದ ಫೋಟೋ ತೆರೆದು, ವಿವಿಡ್‌ಗೂ ನ್ಯಾಚುರಲ್‌ಗೂ ಬದಲಿಸಿ ನೋಡಿ. ಚರ್ಮದ ಬಣ್ಣ ಯಾವುದರಲ್ಲಿ ನಿಜ ಎನ್ನಿಸುತ್ತದೆಯೋ ಅದನ್ನು ಇಟ್ಟುಕೊಳ್ಳಿ.

ಸ್ಕ್ರೀನಿನ ಬಿಳಿಯನ್ನು ಸುತ್ತಲಿನ ಬೆಳಕಿನ ಬಣ್ಣಕ್ಕೆ ತಾನಾಗಿ ಹೊಂದಿಸುವ ವ್ಯವಸ್ಥೆಯೂ ಇದೆ. ಆಪಲ್ 2016ರಲ್ಲಿ ಐಪ್ಯಾಡ್ ಪ್ರೊದಲ್ಲಿ, 2017ರಲ್ಲಿ ಐಫೋನಿನಲ್ಲಿ ಟ್ರೂ ಟೋನ್ ಹೆಸರಲ್ಲಿ ಇದನ್ನು ತಂದಿತು. ಕೆಲವು ಆಂಡ್ರಾಯ್ಡ್ ಫೋನುಗಳಲ್ಲೂ ಇಂಥದ್ದೇ ಇದೆ. ಇದ್ದರೆ ಆನ್ ಮಾಡಿಡಿ. ಫೋಟೋ ತಿದ್ದುವಾಗ, ಬಟ್ಟೆಯ ಬಣ್ಣ ನೋಡಿ ಆರ್ಡರ್ ಮಾಡುವಾಗ ಮಾತ್ರ ಆಫ್ ಮಾಡಿ.

ನೈಟ್ ಲೈಟ್, ನೈಟ್ ಶಿಫ್ಟ್, ಐ ಕಂಫರ್ಟ್ ಶೀಲ್ಡ್, ರೀಡಿಂಗ್ ಮೋಡ್ ಎಂದು ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ. ಕೆಲಸ ಒಂದೇ: ನೀಲಿ ತಗ್ಗಿಸಿ ಸ್ಕ್ರೀನನ್ನು ಹಳದಿಯ ಕಡೆ ತರುವುದು. ಥಟ್ಟನೆ ಆನ್ ಮಾಡಿದರೆ ಎಲ್ಲವೂ ಕಿತ್ತಳೆ ಬಣ್ಣಕ್ಕೆ ತಿರುಗಿದಂತೆ ಕಾಣುತ್ತದೆ, ಕೆಲವು ನಿಮಿಷಗಳಲ್ಲಿ ಕಣ್ಣು ಅದನ್ನೇ ಬಿಳಿ ಎಂದು ಒಪ್ಪಿಕೊಳ್ಳುತ್ತದೆ. ಸೂರ್ಯಾಸ್ತಕ್ಕೆ ತಾನಾಗಿ ಶುರುವಾಗುವಂತೆ ಇಟ್ಟು, ಹಳದಿಯನ್ನು ಮಧ್ಯಮಕ್ಕಿಂತ ಕೆಳಗೆ ಇಟ್ಟುಕೊಂಡರೆ ಸಾಕು. ಹಳದಿ ದೀಪದ ಕೋಣೆಗೆ ಅದು ಹೊಂದುತ್ತದೆ.

ನೀಲಿ ಬೆಳಕಿಗೆ ಹೆದರಬೇಕೇ?

ನೀಲಿ ಬೆಳಕು ಕಣ್ಣು ಹಾಳು ಮಾಡುತ್ತದೆ ಎಂಬ ಮಾತು ಎಷ್ಟು ಹರಡಿದೆ ಎಂದರೆ ಅದರ ಮೇಲೆ ಕನ್ನಡಕಗಳ ವ್ಯಾಪಾರವೇ ನಿಂತಿದೆ. ಅಮೆರಿಕದ ನೇತ್ರವೈದ್ಯರ ಅಕಾಡೆಮಿ ಸ್ಪಷ್ಟವಾಗಿ ಹೇಳುವುದು ಬೇರೆ: ಸ್ಕ್ರೀನಿನ ನೀಲಿ ಬೆಳಕು ಕಣ್ಣಿಗೆ ಹಾನಿ ಮಾಡುತ್ತದೆ ಎನ್ನಲು ಪುರಾವೆ ಇಲ್ಲ. ನೀಲಿ ತಡೆಯುವ ಕನ್ನಡಕದ ಬಗ್ಗೆ ನಡೆದ 17 ಪ್ರಯೋಗಗಳನ್ನು, ವೈದ್ಯಕೀಯ ಸಂಶೋಧನೆಗಳನ್ನು ತೂಗಿ ನೋಡುವ ಕೊಕ್ರೇನ್ ಸಂಸ್ಥೆ 2023ರಲ್ಲಿ ಒಟ್ಟಿಗೆ ಪರಿಶೀಲಿಸಿತು. ಸಾಮಾನ್ಯ ಕನ್ನಡಕಕ್ಕೆ ಹೋಲಿಸಿದರೆ ಕಣ್ಣಿನ ಆಯಾಸ ಕಡಿಮೆಯಾಗುವ ಸಂಭವ ಕಾಣಲಿಲ್ಲ.

ಲೆಕ್ಕವೂ ಅದನ್ನೇ ಹೇಳುತ್ತದೆ. 7 ಸೆಂಟಿಮೀಟರ್ ಅಗಲ, 15 ಸೆಂಟಿಮೀಟರ್ ಉದ್ದದ ಸ್ಕ್ರೀನ್ ಪೂರ್ತಿ ಬಿಳಿಯಾಗಿ 100 ನಿಟ್‌ನಲ್ಲಿ ಉರಿಯುತ್ತಿದೆ, 30 ಸೆಂಟಿಮೀಟರ್ ದೂರದಲ್ಲಿ ಹಿಡಿದಿದ್ದೀರಿ ಎನ್ನಿ. ಕಣ್ಣಿಗೆ ಬಂದು ತಲುಪುವುದು ಸುಮಾರು 12 ಲಕ್ಸ್. ಮೋಡ ಕವಿದ ಹಗಲಿನಲ್ಲಿ ಹೊರಗೆ ನಿಂತರೂ ಸಾವಿರಾರು ಲಕ್ಸ್ ಇರುತ್ತದೆ.

ನಿದ್ದೆಯ ವಿಷಯ ಸ್ವಲ್ಪ ಬೇರೆ. ಕಣ್ಣಿನ ಒಳಪರದೆಯಲ್ಲಿ ಮೆಲನಾಪ್ಸಿನ್ ಎಂಬ ವಸ್ತು ಇರುವ ಕೆಲವು ಕೋಶಗಳಿವೆ. ‘ಈಗ ಹಗಲು’ ಎಂದು ಮಿದುಳಿಗೆ ತಿಳಿಸುವುದರಲ್ಲಿ ಅವುಗಳದ್ದು ದೊಡ್ಡ ಪಾತ್ರ. ಸುಮಾರು 480 ನ್ಯಾನೋಮೀಟರ್ ತರಂಗಾಂತರದ ನೀಲಿಗೆ ಅವು ಹೆಚ್ಚು ಸ್ಪಂದಿಸುತ್ತವೆ. ಆದ್ದರಿಂದ ರಾತ್ರಿ ನೀಲಿ ತಗ್ಗಿಸುವುದರಲ್ಲಿ ಅರ್ಥವಿದೆ. ಆದರೆ 500 ನಿಟ್‌ನಿಂದ 50ಕ್ಕೆ ಇಳಿಸಿದರೆ ನೀಲಿಯೂ ಸೇರಿ ಎಲ್ಲ ಬೆಳಕೂ ಹತ್ತನೇ ಒಂದು ಭಾಗಕ್ಕೆ ಬರುತ್ತದೆ. ಬ್ರೈಟ್‌ನೆಸ್ ಮೇಲೆಯೇ ಇಟ್ಟು ನೈಟ್ ಲೈಟ್ ಹಾಕಿ ಅಷ್ಟು ಇಳಿಸಲಾಗದು. ಇನ್ನು ಜಗಳದ ಕಮೆಂಟುಗಳನ್ನೋ, ಮುಗಿಯದ ಸಣ್ಣ ವಿಡಿಯೋಗಳನ್ನೋ ನೋಡುತ್ತಾ ಮಲಗಿದರೆ, ಸ್ಕ್ರೀನ್ ಯಾವ ಬಣ್ಣದ್ದಾದರೇನು, ನಿದ್ದೆ ದೂರವೇ.

ಡಾರ್ಕ್ ಮೋಡ್ ಎಲ್ಲರಿಗೂ ಅಲ್ಲ

2019ರಲ್ಲಿ ಆಂಡ್ರಾಯ್ಡ್ 10 ಮತ್ತು ಐಓಎಸ್ 13 ಬಂದಾಗಿನಿಂದ ಇಡೀ ಫೋನನ್ನೇ ಕಪ್ಪು ಮಾಡಿಕೊಳ್ಳಬಹುದು. ಕಣ್ಣಿಗೆ ಒಳ್ಳೆಯದು ಎಂಬ ನಂಬಿಕೆಯಿಂದ ಹಲವರು ಹಗಲೂ ರಾತ್ರಿ ಹಾಗೇ ಇಟ್ಟಿದ್ದಾರೆ. ಸಾಮಾನ್ಯ ದೃಷ್ಟಿ ಇರುವವರು ಬಿಳಿಯ ಮೇಲಿನ ಕಪ್ಪು ಅಕ್ಷರವನ್ನೇ ಹೆಚ್ಚು ಸರಾಗವಾಗಿ ಓದುತ್ತಾರೆ ಎಂಬುದು ಓದಿನ ಮೇಲಿನ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಬಿಳಿ ಹಿನ್ನೆಲೆಗೆ ಪಾಪೆ ಕಿರಿದಾಗುತ್ತದೆ, ಕಿರಿದಾದಾಗ ಅಕ್ಷರದ ಅಂಚು ಚೂಪಾಗುತ್ತದೆ. ಅಸ್ಟಿಗ್ಮ್ಯಾಟಿಸಂ (ಕಣ್ಣಿನ ಬಾಗು ಎಲ್ಲ ಕಡೆ ಒಂದೇ ಸಮ ಇಲ್ಲದ ದೃಷ್ಟಿದೋಷ) ಇರುವವರಿಗೆ ಕಪ್ಪಿನ ಮೇಲಿನ ಬಿಳಿ ಅಕ್ಷರ ಹರಡಿದಂತೆ, ಸುತ್ತ ಮಬ್ಬು ಹೊಳಪು ಇದ್ದಂತೆ ಕಾಣಬಹುದು. ಅಂಥವರು ಡಾರ್ಕ್ ಮೋಡ್ ಬಿಟ್ಟರೆ ಒಳ್ಳೆಯದು. ಕಣ್ಣಿನ ಪೊರೆ ಬೆಳೆಯುತ್ತಿರುವವರಿಗೆ ಇದಕ್ಕೆ ಉಲ್ಟಾ. ಬಿಳಿ ಹಿನ್ನೆಲೆಯ ಬೆಳಕು ಕಣ್ಣೊಳಗೆ ಚೆದುರಿ ಮಂಜು ಕವಿದಂತಾಗುತ್ತದೆ, ಕಪ್ಪು ಹಿನ್ನೆಲೆ ಅವರಿಗೆ ನಿಜವಾಗಿ ಅನುಕೂಲ.

ಬ್ಯಾಟರಿ ಉಳಿಯುತ್ತದೆ ಎನ್ನುವುದೂ ಅರ್ಧ ನಿಜ. ಎಲ್‌ಸಿಡಿಯಲ್ಲಿ ಹಿಂದಿನ ಬೆಳಕು ಹೇಗೂ ಉರಿಯುತ್ತಿರುವುದರಿಂದ ಹೆಚ್ಚೇನೂ ಉಳಿಯುವುದಿಲ್ಲ. ಓಎಲ್‌ಇಡಿ ಫೋನುಗಳ ಮೇಲೆ ಪರ್ಡ್ಯೂ ವಿಶ್ವವಿದ್ಯಾಲಯದವರು 2021ರಲ್ಲಿ ಮಾಡಿದ ಅಳತೆಯಲ್ಲಿ, ಶೇಕಡಾ 30ರಿಂದ 50ರ ಬ್ರೈಟ್‌ನೆಸ್‌ನಲ್ಲಿ ಉಳಿತಾಯ ಸರಾಸರಿ 3ರಿಂದ 9 ಪರ್ಸೆಂಟ್ ಮಾತ್ರ. ಪೂರ್ತಿ ಬ್ರೈಟ್‌ನೆಸ್‌ನಲ್ಲಿ ಅದು 39ರಿಂದ 47ಕ್ಕೆ ಏರುತ್ತದೆ.

ಬೆಳಕಿನದ್ದಲ್ಲದ ದಣಿವು

ಎಲ್ಲ ಸರಿಮಾಡಿದರೂ ಕಣ್ಣುರಿ ಹೋಗದಿದ್ದರೆ ದೂರ ಮತ್ತು ಅಕ್ಷರದ ಗಾತ್ರ ನೋಡಿ. ಫೋನನ್ನು 40 ಸೆಂಟಿಮೀಟರ್ ದೂರದಲ್ಲಿ ಹಿಡಿದರೆ ಕಣ್ಣಿನ ಮಸೂರ ಎರಡೂವರೆ ಡಯಾಪ್ಟರ್‌ನಷ್ಟು (ಮಸೂರದ ಶಕ್ತಿಯ ಅಳತೆ) ಬಿಗಿಯಬೇಕು, 20 ಸೆಂಟಿಮೀಟರ್‌ಗೆ ತಂದರೆ 5 ಡಯಾಪ್ಟರ್. ಅಂದರೆ ಎರಡು ಪಟ್ಟು ಕೆಲಸ. ಅಕ್ಷರ ಸಣ್ಣದಿದ್ದರೆ ಫೋನ್ ತಾನಾಗಿ ಮುಖದ ಹತ್ತಿರ ಬರುತ್ತದೆ. ಅಕ್ಷರ ಒಂದು ಹಂತ ದೊಡ್ಡದು ಮಾಡಿ, ಕೈ ತಾನಾಗಿ ದೂರ ಹೋಗುತ್ತದೆ. ರೆಪ್ಪೆಯ ಕಥೆಯೂ ಇದೆ. ನಿಮಿಷಕ್ಕೆ ಸುಮಾರು 15 ಸಲ ಬಡಿಯುವ ರೆಪ್ಪೆ ಸ್ಕ್ರೀನ್ ನೋಡುವಾಗ ಅರ್ಧಕ್ಕೆ ಇಳಿಯುತ್ತದೆ, ಕಣ್ಣು ಒಣಗುತ್ತದೆ. ಆಗಾಗ ಫೋನಿನಿಂದ ತಲೆಯೆತ್ತಿ ದೂರ ನೋಡುವುದಕ್ಕೆ ಬದಲಿಯಾಗಿ ಯಾವ ಸೆಟ್ಟಿಂಗೂ ಇಲ್ಲ.

ಕೊನೆಯದಾಗಿ, ಹಿರಿಯರ ಫೋನಿಗೆ ನಿಮ್ಮ ಸೆಟ್ಟಿಂಗ್ ಹಾಕಿಕೊಡಬೇಡಿ. ವಯಸ್ಸಾದಂತೆ ಪಾಪೆ ಕಿರಿದಾಗುತ್ತದೆ, ಕಣ್ಣಿನ ಮಸೂರ ಹಳದಿಗಟ್ಟುತ್ತದೆ. ಒಳಗೆ ಹೋಗುವ ಬೆಳಕೇ ಕಡಿಮೆ. ನಿಮಗೆ ಹಿತವೆನಿಸಿದ ಬ್ರೈಟ್‌ನೆಸ್ ಅವರಿಗೆ ಮಂಕು. ನೀಲಿ ಆಗಲೇ ತಗ್ಗಿರುವ ಅವರ ಕಣ್ಣಿಗೆ ಜೋರಾದ ನೈಟ್ ಲೈಟ್ ಹಾಕಿದರೆ ಅಕ್ಷರ ಇನ್ನೂ ಮಬ್ಬಾಗುತ್ತದೆ. ಚಾಳೀಸು ಬಂದವರು ಓದುವ ಕನ್ನಡಕ ಹಾಕಿಕೊಂಡಿರಲಿ, ದಿನಾ ಕೂರುವ ಜಾಗದಲ್ಲೇ ಕೂತಿರಲಿ. ಮೊದಲು ಅಕ್ಷರ ದೊಡ್ಡದು ಮಾಡಿ, ಬೇಕಿದ್ದರೆ ದಪ್ಪ ಅಕ್ಷರವನ್ನೂ ಆನ್ ಮಾಡಿ. ಆಮೇಲೆ ಫೋನನ್ನು ಅವರ ಕೈಗೆ ಕೊಟ್ಟು ಬ್ರೈಟ್‌ನೆಸ್ ಪಟ್ಟಿಯನ್ನು ಅವರೇ ಎಳೆಯಲಿ. ಬಿಳಿ ಪುಟ, ಕಪ್ಪು ಪುಟ ಎರಡನ್ನೂ ತೋರಿಸಿ ಯಾವುದು ಓದಲು ಸಲೀಸು ಎಂದು ಕೇಳಿ, ಅವರು ಹೇಳಿದ್ದನ್ನೇ ಇಟ್ಟುಬಿಡಿ.